ಕಲ್ಲೊಳಗಿನ ಕಪ್ಪೆ, ಕಥೆಯೊಳಗಿನ ಕೊನೆ

ಶಿಲ್ಪಿಯೊಬ್ಬ ದೇವರ ಮೂರ್ತಿ ಕಡೆದು ಮುಗಿಸಿದ. ಊರೂರು ಅಲೆದು ಬಂದ ಹುಡುಗನೊಬ್ಬ ಅದನ್ನು ನೋಡಿ, ಈ ಕಲ್ಲಿನಲ್ಲಿ ದೋಷವಿದೆ ಎಂದ. ತೋರಿಸಿಕೊಟ್ಟರೆ ಕಡೆದ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದ ಶಿಲ್ಪಿ. ಹುಡುಗ ಮೂರ್ತಿಗೆಲ್ಲ ಗಂಧ ಬಳಿದ. ಮೈಯೆಲ್ಲ ಒಣಗಿತು, ಹೊಕ್ಕುಳ ಸುತ್ತ ಮಾತ್ರ ಹಸಿಯಾಗೇ ಉಳಿಯಿತು. ಅಲ್ಲಿಗೆ ಉಳಿ ಇಟ್ಟು ಒಂದು ಪೆಟ್ಟು ಕೊಟ್ಟ. ನೀರು ಚಿಮ್ಮಿತು, ನೀರಿನ ಜೊತೆಗೆ ಒಂದು ಕಪ್ಪೆ. ಶಿಲ್ಪಿ ಆಡಿದ ಮಾತು ನಡೆಸಿದ. ಹುಡುಗ ಅವನ ಮಗ.

ಜಕಣಾಚಾರಿ, ಡಂಕಣ ಎಂಬ ಹೆಸರುಗಳನ್ನು ತೆಗೆದು ಹೀಗೆ ಬರೆದರೆ ಇಡೀ ಕಥೆ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಯುತ್ತದೆ. ಗೆಂಡೆಹಳ್ಳಿ, ಬಿಕ್ಕೋಡು, ಅರೇಹಳ್ಳಿ ಕಡೆಯ ನಾವು ಇದನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಕಾಫಿ ಕಣದಲ್ಲಿ, ಬೇಲೂರಿನ ಬಸ್ಸಿನಲ್ಲಿ, ಮದುವೆಮನೆಯ ಚಪ್ಪರದಡಿ ಕೇಳಿ ತಿಳಿದವರು. ಕೇಳುವಾಗ ಅದು ನಮಗೆ ಬೇಲೂರಿನ ಸ್ಥಳಪುರಾಣ. ಆದರೆ ಇವತ್ತು ಕಿರುಗತೆ, ಹನಿಗತೆ, ನ್ಯಾನೊ ಕಥೆ ಎಂದು ಯಾವುದನ್ನು ಕರೆಯುತ್ತೇವೋ ಅದರ ಮರ್ಮವೆಲ್ಲ ಈ ಪುಟ್ಟ ಕಥೆಯಲ್ಲಿ ಅಡಗಿದೆ. ಕೊನೆಯ ಸಾಲಿನಲ್ಲಿ ಬೆಚ್ಚಿಬೀಳಿಸುವುದು, ಅರ್ಥವನ್ನು ಪೂರಾ ಬಿಟ್ಟುಕೊಡದಿರುವುದು ಈ ಬರವಣಿಗೆಯ ಎರಡು ಮುಖ್ಯ ಪಟ್ಟುಗಳು. ಅವು ಯಾವಾಗ ರಸವಾಗುತ್ತವೆ, ಯಾವಾಗ ಬರೀ ಚಮತ್ಕಾರವಾಗಿ ಸೋಲುತ್ತವೆ ಎಂಬುದನ್ನು ಈ ಕಪ್ಪೆಯ ಕಥೆಯೊಂದಿಗೆ ಸಾವಧಾನವಾಗಿ ಕುಳಿತರೆ ಕಾಣಬಹುದು.

ಇತಿಹಾಸದ ಲೆಕ್ಕ ಬೇರೆ ಇದೆ. ಬೇಲೂರಿನ ಚೆನ್ನಕೇಶವನನ್ನು ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅದೇ ಪ್ರಾಕಾರದೊಳಗೆ ರಾಣಿ ಶಾಂತಲೆ ಕಟ್ಟಿಸಿದ ಗುಡಿಯಲ್ಲಿರುವವನು ಕಪ್ಪೆ ಚೆನ್ನಿಗರಾಯ. ಅಲ್ಲಿನ ಶಿಲ್ಪಗಳ ಅಡಿಯಲ್ಲಿ ಹೆಸರು ಕೊರೆದಿಟ್ಟವರಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ, ಜಕಣಾಚಾರಿ ಇಲ್ಲ. ಅವನನ್ನು ಜನಮನ ಕಡೆದ ಶಿಲ್ಪಿ ಎನ್ನುತ್ತಾರೆ ಬಲ್ಲವರು. ಇದರಿಂದ ಕಥೆಯ ಬೆಲೆ ಕಡಿಮೆಯಾಗುವುದಿಲ್ಲ. ಜನ ಅಪ್ಪ ಮಗನ ಕಥೆ ಕಟ್ಟಿದ ಜಾಗದಲ್ಲೇ ನಿಜವಾದ ಒಬ್ಬ ಅಪ್ಪ, ಒಬ್ಬ ಮಗ ಉಳಿ ಹಿಡಿದು ದುಡಿದಿದ್ದರು ಎಂಬುದು ನೆನೆದಷ್ಟೂ ಹಿಗ್ಗು ಕೊಡುವ ಸಂಗತಿ. ಕಥೆ ಕಲ್ಪಿತ ಎಂದಾದ ಮೇಲೆ ಅದನ್ನು ಕಥೆಯಾಗಿಯೇ ಸವಿಯಲು ನಮಗೆ ಪೂರ್ಣ ಸ್ವಾತಂತ್ರ್ಯ ಸಿಗುತ್ತದೆ.

ಮೊದಲು ಕಪ್ಪೆಯನ್ನೇ ನೋಡೋಣ. ಕೇಳುಗನನ್ನು ಬೆಚ್ಚಿಸುವ ಸಂಗತಿ ಅದು. ಆದರೆ ಹೇಳುವವನು ಅದನ್ನು ಎಲ್ಲಿಂದಲೋ ತಂದು ಕೊನೆಗೆ ಎಸೆದಿಲ್ಲ. ಶಿಲ್ಪಿ ಮೊದಲ ಏಟು ಹಾಕುವ ಮುಂಚೆಯೇ ಅದು ಕಲ್ಲೊಳಗಿತ್ತು. ಕಥೆಯ ಮೊದಲ ವಾಕ್ಯದಲ್ಲಿಯೂ ಇತ್ತು. ನಮಗೆ ಕಾಣಲಿಲ್ಲ ಅಷ್ಟೆ. ಗಂಧ ಒಣಗದೆ ಉಳಿದಾಗ ಕಥೆ ನಮಗೆ ಸುಳಿವನ್ನೂ ಕೊಟ್ಟಿತು. ನಾವು ತೇವವನ್ನು ಕಂಡೆವು, ತೇವದ ಹಿಂದೆ ಉಸಿರಾಡುವ ಜೀವವಿದೆ ಎಂದು ಊಹಿಸಲಿಲ್ಲ. ಒಳ್ಳೆಯ ಆಘಾತದ ಲಕ್ಷಣವೇ ಇದು. ಅದು ಬಂದಾಗ ಅನಿರೀಕ್ಷಿತ. ಬಂದ ಮೇಲೆ ಅದಲ್ಲದೆ ಬೇರೇನೂ ಆಗುವಂತಿರಲಿಲ್ಲ ಅನ್ನಿಸುತ್ತದೆ.

ಈಗ ಕೊನೆಯ ವಾಕ್ಯವನ್ನು ಓದಿಕೊಂಡು ಹಿಂದಕ್ಕೆ ಹೋಗಿ. ಊರೂರು ಅಲೆದು ಬಂದ ಹುಡುಗ ಯಾಕೆ ಅಲೆಯುತ್ತಿದ್ದ? ತಾನು ಹುಟ್ಟುವ ಮೊದಲೇ ಮನೆ ಬಿಟ್ಟುಹೋದ ತಂದೆಯನ್ನು ಹುಡುಕಿಕೊಂಡು. ದೊಡ್ಡ ಶಿಲ್ಪಿಗೇ ಕಾಣದ ದೋಷ ಅವನಿಗೆ ಹೇಗೆ ಕಂಡಿತು? ಆ ಕಣ್ಣು ತಂದೆಯಿಂದಲೇ ಬಂದದ್ದು. ಮೊದಲ ಓದಿನಲ್ಲಿ ಅಹಂಕಾರಿಯಂತೆ ಕಂಡ ಹುಡುಗ ಎರಡನೆಯ ಓದಿನಲ್ಲಿ ವಂಶದ ಗುರುತು ಹೊತ್ತು ಬಂದ ಕೂಸಾಗುತ್ತಾನೆ. ಶಿಲ್ಪಿಗೆ ಎದುರಿಗಿದ್ದ ಕಲ್ಲಿನೊಳಗಿನ ಜೀವ ಕಾಣಲಿಲ್ಲ. ಎದುರಿಗೆ ನಿಂತ ಹುಡುಗನೊಳಗಿನ ತನ್ನ ರಕ್ತವೂ ಕಾಣಲಿಲ್ಲ. ಎರಡು ಗುಟ್ಟುಗಳು ಒಂದರ ಬೆನ್ನಿಗೆ ಇನ್ನೊಂದು ಒಡೆಯುತ್ತವೆ, ಎರಡೂ ಒಂದೇ ಕುರುಡಿನಿಂದ ಹುಟ್ಟಿದವು. ಇಷ್ಟು ಚಿಕ್ಕ ಕಥೆಯಲ್ಲಿ ಇಷ್ಟು ಬಿಗಿಯಾದ ಹೆಣಿಗೆ ಇರುವುದನ್ನು ಕಂಡಾಗ, ಇದನ್ನು ಬಾಯಿಂದ ಬಾಯಿಗೆ ದಾಟಿಸುತ್ತ ತಿದ್ದಿದ ಹೆಸರಿಲ್ಲದ ಹಿರಿಯರಿಗೆ ಕೈ ಮುಗಿಯಬೇಕೆನಿಸುತ್ತದೆ.

ಅಸ್ಪಷ್ಟತೆಯ ಸೊಗಸು ಇರುವುದು ಇದರಿಂದ ಮುಂದೆ. ಶಿಲ್ಪಿ ಕೈ ಕಡಿದುಕೊಂಡದ್ದು ಮಗನೆಂದು ತಿಳಿಯುವ ಮೊದಲೋ, ತಿಳಿದ ಮೇಲೋ? ಹೇಳುವವರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಮೊದಲು ಕಡಿದುಕೊಂಡು ಆಮೇಲೆ ತಿಳಿದರೆ ಕರುಣರಸ ಉಕ್ಕುತ್ತದೆ. ಮಗನನ್ನು ಎತ್ತಿ ಅಪ್ಪಿಕೊಳ್ಳಬೇಕಾದ ಕೈಯೇ ಇಲ್ಲ. ತಿಳಿದ ಮೇಲೂ ಕಡಿದುಕೊಂಡರೆ ವೀರವೂ ಭಯಾನಕವೂ ಕೂಡಿಬರುತ್ತವೆ. ಮಗನೇ ಬೇಡವೆಂದರೂ ಮಾತು ದೊಡ್ಡದು ಎಂದವನ ಹಟ ಅದು. ಒಂದು ವಾಕ್ಯ ಹಿಂದೆ ಮುಂದೆ ಆದರೆ ಕಥೆಯ ರಸವೇ ಬದಲಾಗುತ್ತದೆ. ದೊಡ್ಡ ಕಾದಂಬರಿಯಲ್ಲಿ ವಾಕ್ಯವೊಂದು ಜಾಗ ಬದಲಿಸಿದರೆ ಗೊತ್ತೇ ಆಗದು. ಕಿರುಗತೆಯಲ್ಲಿ ಒಂದೊಂದು ವಾಕ್ಯವೂ ಕಟ್ಟಡದ ಭಾರ ಹೊತ್ತಿರುತ್ತದೆ.

ಇನ್ನೊಂದು ಪ್ರಶ್ನೆಯನ್ನು ಕಥೆ ಬಾಯಿಬಿಟ್ಟು ಕೇಳುವುದೇ ಇಲ್ಲ. ಕಲ್ಲಿನಲ್ಲಿ ಇದ್ದದ್ದು ದೋಷವೇ? ಬಿರುಕಿದ್ದಿದ್ದರೆ ದೋಷ ಎನ್ನಬಹುದಿತ್ತು. ಇದ್ದದ್ದು ಹಿಡಿ ನೀರು, ನೀರಿನಲ್ಲಿ ಒಂದು ಜೀವ. ಶಿಲ್ಪಶಾಸ್ತ್ರದ ಕಣ್ಣಿಗೆ ಅದು ಪೂಜೆಗೆ ಸಲ್ಲದ ಕಲ್ಲು. ಭಕ್ತನ ಕಣ್ಣಿಗೆ, ಪ್ರಾಣಪ್ರತಿಷ್ಠೆಗೆ ಮುಂಚೆಯೇ ಪ್ರಾಣ ತುಂಬಿಕೊಂಡಿದ್ದ ದೇವರು. ಜನ ಯಾವ ಕಡೆ ಒಲಿದರೆಂಬುದು ಅವರು ದೇವರನ್ನು ಕರೆದ ರೀತಿಯಲ್ಲಿದೆ. ಅವರು ಕಪ್ಪೆಯನ್ನು ಮುಚ್ಚಿಡಲಿಲ್ಲ, ದೇವರ ಹೆಸರಿನ ಮುಂದೆಯೇ ಕೂರಿಸಿದರು. ಆದರೂ ಶಿಲ್ಪಿಯ ಕೈ ಹೋದದ್ದು ಹೋಯಿತು. ಎರಡು ಅರ್ಥಗಳೂ ನಿಲ್ಲುತ್ತವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಐತಿಹ್ಯ ಇಲ್ಲಿಗೆ ನಿಲ್ಲದೆ ತುಮಕೂರಿನ ಹತ್ತಿರದ ಕೈದಾಳಕ್ಕೆ ಹೋಗುತ್ತದೆ. ಜಕಣಾಚಾರಿ ಹುಟ್ಟೂರಿಗೆ ಮರಳಿ ಅಲ್ಲಿ ಚೆನ್ನಿಗರಾಯನ ಗುಡಿ ಕಟ್ಟಿದನಂತೆ, ದೇವರು ಒಲಿದು ಕೈ ಮರಳಿ ಕೊಟ್ಟನಂತೆ. ಗಾಯದ ಮೇಲೆ ಎಣ್ಣೆ ಹಚ್ಚಿದ ಹಾಗಿರುವ ಈ ಮುಂದುವರಿಕೆಯನ್ನು ನಾನು ಹೀಗಳೆಯಲಾರೆ. ಮಕ್ಕಳಿಗೆ ಹೇಳಿ ಮಲಗಿಸುವ ತಾಯಿಗೆ ಕೈದಾಳದ ಕೊನೆ ಬೇಕೇ ಬೇಕು. ಆದರೆ ಕಿರುಗತೆಯಾಗಿ ಕಥೆ ಮುಗಿಯುವುದು ಬೇಲೂರಿನಲ್ಲಿ. ಕೈದಾಳದ ಕೊನೆ ನಮ್ಮ ಸಂಕಟವನ್ನು ತಣಿಸುತ್ತದೆ, ಬೇಲೂರಿನ ಕೊನೆ ಆ ಸಂಕಟವನ್ನು ನಮ್ಮ ಕೈಗೇ ಕೊಟ್ಟು ಹೊರಡುತ್ತದೆ. ಒಂದೇ ಕಥೆಗೆ ಎರಡು ಊರುಗಳಲ್ಲಿ ಎರಡು ಕೊನೆಗಳಿರುವುದು ನಮ್ಮ ಜನರ ಮನಸ್ಸು ಎಷ್ಟು ಅಗಲ ಎಂಬುದಕ್ಕೆ ಸಾಕ್ಷಿ.

ಬೇಲೂರಿನ ಗುಡಿಯ ಬಾಗಿಲಲ್ಲೇ ಇನ್ನೊಂದು ಜಾತಿಯ ಕಿರುಗತೆ ನಿಂತಿದೆ. ಹೊಯ್ಸಳರ ಮೂಲಪುರುಷನೆನ್ನುವ ಸಳ ಮತ್ತು ಮೃಗ. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಳೆಯ ಸೊಸೆವೂರು ಎನ್ನುತ್ತಾರೆ. ಅಲ್ಲಿ ಮುನಿಯೊಬ್ಬರ ಮೇಲೆ ಹುಲಿ ಎರಗಿತು, ಮುನಿ ಕೂಗಿ ಹೇಳಿದರು, ಸಳ ಹೊಡೆದ. ಕಥೆ ಇಷ್ಟೇ. ಶಿಲ್ಪಿ ಈ ಕಥೆಯಿಂದ ಆರಿಸಿಕೊಂಡದ್ದು ಒಂದೇ ಒಂದು ಕ್ಷಣ. ಮೃಗ ಮೇಲೆದ್ದಿದೆ, ಆಯುಧ ನುಗ್ಗುತ್ತಿದೆ. ಮುನಿ ಇಲ್ಲ, ಕಾಡಿಲ್ಲ, ಮುಂದೆ ಏನಾಯಿತು ಎಂಬುದೂ ಇಲ್ಲ. ಗೆದ್ದವನು ಸಳ ಎಂದು ನಮಗೆ ಗೊತ್ತಿರುವುದು ಕಥೆ ಕೇಳಿದ್ದರಿಂದ. ಏನೂ ಕೇಳದ ಮಗುವೊಂದು ಆ ಶಿಲ್ಪದ ಮುಂದೆ ನಿಂತರೆ, ಆಳಿಗಿಂತ ದೊಡ್ಡದಾದ ಆ ಮೃಗವನ್ನು ಕಂಡು ಪಾಪ ಈ ಅಣ್ಣ ಉಳಿದನೇ ಎಂದು ಕೇಳೀತು. ಕಥೆಯಲ್ಲಿ ಹುಲಿ, ಶಿಲ್ಪದಲ್ಲಿ ಸಿಂಹದ ಕೇಸರ. ಚೋಳರ ಲಾಂಛನ ಹುಲಿ. ಅವರನ್ನು ಹೊಯ್ಸಳರು ತಲಕಾಡಿನಲ್ಲಿ ಸೋಲಿಸಿದ ಗೆಲುವಿನ ಕುರುಹು ಇದು ಎಂದು ಓದಿದ ಇತಿಹಾಸಕಾರರೂ ಇದ್ದಾರೆ. ಒಂದು ಹೊಡೆತದ ಕಥೆ ಬೇಟೆಯೂ ಆಗುತ್ತದೆ, ಗುರುವಿನ ಮೇಲಿನ ಭಕ್ತಿಯೂ ಆಗುತ್ತದೆ, ರಾಜ್ಯದ ಘೋಷಣೆಯೂ ಆಗುತ್ತದೆ.

ಅಲ್ಲಿಂದ ತಲೆಯೆತ್ತಿ ಮದನಿಕೆಯರನ್ನು ನೋಡಬೇಕು. ಒಬ್ಬಳ ಮೇಲಿನ ಬಳ್ಳಿಯ ಚಪ್ಪರದಲ್ಲಿ ಹಣ್ಣಿದೆ, ಹಣ್ಣಿನ ಮೇಲೆ ನೊಣ, ನೊಣದ ಹಿಂದೆ ನೆಗೆಯಲು ಸಿದ್ಧವಾದ ಹಲ್ಲಿ. ಇನ್ನೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ, ಅವಳು ಕೊಂಬೆ ಎತ್ತಿ ಗದರುತ್ತಿದ್ದಾಳೆ. ಒಂಬೈನೂರು ವರ್ಷಗಳಿಂದ ಹಲ್ಲಿ ನೆಗೆದಿಲ್ಲ, ಕೊಂಬೆ ಬಿದ್ದಿಲ್ಲ. ಇವು ಕೊನೆಯನ್ನು ಒಂದು ಹೆಜ್ಜೆ ಮುಂಚೆ ನಿಲ್ಲಿಸಿದ ಕಥೆಗಳು. ಕೊನೆ ಏನೆಂದು ಊಹಿಸುವುದು ಇಲ್ಲಿ ದೊಡ್ಡದಲ್ಲ, ಆ ಕಾಯುವಿಕೆಯೇ ಸವಿ. ಕೊನೆ ತೆರೆದಿರುವ ಕಿರುಗತೆಗಳನ್ನು ಓದುವಾಗ ಇವರನ್ನು ನೆನೆದರೆ, ಉತ್ತರ ಸಿಗಲಿಲ್ಲವಲ್ಲ ಎಂಬ ಅಸಮಾಧಾನ ಹೋಗುತ್ತದೆ.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯ ಬಳಿ ಗರುಡಗಂಬವಿದೆ. ಅದರ ಮೇಲಿನ ಆಳುಗಳು ಕತ್ತಿ ಹಿಡಿದಿರುವುದು ದೂರಕ್ಕೇ ಕಾಣುತ್ತದೆ. ಯುದ್ಧದ ಚಿತ್ರವೆಂದು ಹತ್ತಿರ ಹೋಗುತ್ತೇವೆ. ಎದುರಾಳಿ ಕಾಣುವುದಿಲ್ಲ. ಇನ್ನೂ ಹತ್ತಿರ ಹೋದರೆ ಕತ್ತಿ ಹಿಡಿದವನ ತಲೆಗೇ ಕತ್ತಿ ಬೀಳುತ್ತಿದೆ. ಎರಡನೆಯ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಗರುಡ, ಅಂದರೆ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮ, ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಕೊಟ್ಟದ್ದನ್ನು ಆ ಕಂಬದ ಶಾಸನ ಹೇಳುತ್ತದೆ. ಇಲ್ಲಿ ಘಟನೆಯಲ್ಲಿ ಅಸ್ಪಷ್ಟವಾದದ್ದು ಏನೂ ಇಲ್ಲ. ತೆರೆದು ಉಳಿದಿರುವುದು ಅದನ್ನು ನಾವು ಹೇಗೆ ತೆಗೆದುಕೊಳ್ಳಬೇಕು ಎಂಬುದು. ಸ್ವಾಮಿನಿಷ್ಠೆ ಎಂದು ಬೆರಗಾಗುವುದೇ, ಇಷ್ಟು ಜೀವ ಹೋಯಿತಲ್ಲ ಎಂದು ಮರುಗುವುದೇ? ಕಂಬ ಎರಡಕ್ಕೂ ಎಡೆ ಕೊಟ್ಟು ನಿಂತಿದೆ. ನಡೆದದ್ದು ಸ್ಪಷ್ಟವಾಗಿದ್ದು ಅದರ ಭಾವ ತೆರೆದಿರುವುದು ಅಸ್ಪಷ್ಟತೆಯ ಅತ್ಯಂತ ಎತ್ತರದ ಬಗೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಹಿರಿಯರು ಇದನ್ನೆಲ್ಲ ಶಾಸ್ತ್ರವಾಗಿಯೂ ಕಂಡಿದ್ದರು. ಹಾಲ ಸಂಕಲಿಸಿದನೆಂಬ ಪ್ರಾಕೃತದ ಗಾಥಾಸಪ್ತಶತಿಯ ಪದ್ಯಗಳು ಎರಡೆರಡು ಸಾಲಿನ ಕಥೆಗಳೇ. ಅಂಥ ಒಂದು ಪದ್ಯದಲ್ಲಿ ಹೆಣ್ಣೊಬ್ಬಳು ಧಾರ್ಮಿಕನೊಬ್ಬನಿಗೆ ಹೇಳುತ್ತಾಳೆ: ನೀನು ಹೆದರುತ್ತಿದ್ದ ನಾಯಿ ಸತ್ತಿತು, ಗೋದಾವರಿಯ ದಡದ ಪೊದೆಯಲ್ಲಿರುವ ಸಿಂಹ ಅದನ್ನು ಕೊಂದುಹಾಕಿತು, ಇನ್ನು ಧೈರ್ಯವಾಗಿ ಅಡ್ಡಾಡಿಕೊಂಡಿರು. ಮಾತು ಬಾ ಎನ್ನುತ್ತದೆ, ಅರ್ಥ ಬರಬೇಡ ಎನ್ನುತ್ತದೆ. ಆ ಪೊದೆ ಅವಳು ನಲ್ಲನನ್ನು ಕೂಡುವ ಜಾಗ ಎಂಬುದನ್ನು ಪದ್ಯ ಹೇಳುವುದಿಲ್ಲ, ನಾವೇ ಕಾಣಬೇಕು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿಯನ್ನು, ಅಂದರೆ ಮಾತು ನೇರವಾಗಿ ಹೇಳದೆ ಸೂಚಿಸುವ ಅರ್ಥವನ್ನು, ವಿವರಿಸಲು ಎತ್ತಿಕೊಂಡ ಉದಾಹರಣೆ ಇದೇ. ಅದೇ ಶತಮಾನದ ಕನ್ನಡದ ಕವಿರಾಜಮಾರ್ಗವೂ ಧ್ವನಿಯನ್ನು ಹೆಸರಿಸುತ್ತದೆ. ತೀ.ನಂ.ಶ್ರೀ. ಅವರ ಭಾರತೀಯ ಕಾವ್ಯಮೀಮಾಂಸೆ ಇದನ್ನು ನಮ್ಮ ಕಾಲದ ಕನ್ನಡಿಗರಿಗೆ ತಿಳಿಗನ್ನಡದಲ್ಲಿ ತಲುಪಿಸಿತು. ಕಥೆ ಹೇಳುವುದು ಅರ್ಧ, ಉಳಿದರ್ಧ ಸಹೃದಯನ ಪಾಲು ಎಂಬ ಅರಿವು ನಮಗೆ ಹೊಸದಲ್ಲ.

ಹೊಸಗಾಲದ ಕಥೆಗಳಲ್ಲಿ ಈ ಅರಿವಿನ ಎರಡು ತುದಿಗಳನ್ನು ಮುಟ್ಟಿದವು ನನಗೆ ಬಹಳ ದೊಡ್ಡವು. ಒಂದು ಸಾದತ್ ಹಸನ್ ಮಂಟೊ ಉರ್ದುವಿನಲ್ಲಿ ಬರೆದ ‘ಖೋಲ್ ದೋ’. ದೇಶ ಒಡೆದ ಹೊತ್ತಿನಲ್ಲಿ ಮಗಳನ್ನು ಕಳೆದುಕೊಂಡ ಮುದುಕ ಸಿರಾಜುದ್ದೀನ್. ಹುಡುಕಿಕೊಡುತ್ತೇವೆಂದು ಹೊರಟ ಸ್ವಯಂಸೇವಕ ಯುವಕರು. ಕೊನೆಗೆ ಆಸ್ಪತ್ರೆಯಲ್ಲಿ ಶವದಂತೆ ಮಲಗಿರುವ ಸಕೀನಾ. ಗಾಳಿ ಬರಲಿ ಎಂದು ವೈದ್ಯ ಕಿಟಕಿ ತೆರೆಯಲು ಹೇಳುತ್ತಾನೆ. ಖೋಲ್ ದೋ, ತೆರೆ, ಎಂಬ ಆ ಒಂದು ಮಾತಿಗೆ ಹುಡುಗಿಯ ಸತ್ತಂತಿದ್ದ ಕೈಗಳು ತನ್ನ ಉಡುಪಿನ ಲಾಡಿ ಬಿಚ್ಚುತ್ತವೆ. ಅವಳ ಮೇಲೆ ಏನೇನು ನಡೆದಿದೆ, ಎಷ್ಟು ಸಲ ನಡೆದಿದೆ ಎಂಬುದನ್ನು ಮಂಟೊ ಒಂದಕ್ಷರವೂ ಬರೆದಿಲ್ಲ. ವೈದ್ಯ ಬೆವರಿನಲ್ಲಿ ತೊಯ್ದುಹೋಗುತ್ತಾನೆ. ಅಪ್ಪ ಮಾತ್ರ ಮಗಳು ಬದುಕಿದ್ದಾಳೆ ಎಂದು ಸಂತೋಷದಿಂದ ಕೂಗುತ್ತಾನೆ. ಆ ಕೂಗಿನ ಅರ್ಥವೇನು? ಅವನಿಗೆ ತಿಳಿಯಲಿಲ್ಲವೇ, ತಿಳಿದೂ ಬದುಕಿದ್ದರೆ ಸಾಕೆಂದನೇ? ತಿಳಿಯಲಿಲ್ಲ ಎಂದರೆ ಲೋಕ ಎಷ್ಟು ಕ್ರೂರ ಎನ್ನಿಸುತ್ತದೆ, ತಿಳಿದಿತ್ತು ಎಂದರೆ ತಂದೆಯ ಪ್ರೀತಿ ಎಷ್ಟು ದೊಡ್ಡದು ಎನ್ನಿಸುತ್ತದೆ. ಆಘಾತ ಮುಗಿದ ಮೇಲೂ ಕಥೆ ಮುಗಿಯುವುದಿಲ್ಲ, ಈ ಪ್ರಶ್ನೆಯಲ್ಲಿ ಮುಂದುವರಿಯುತ್ತದೆ.

ಇನ್ನೊಂದು ಎ.ಕೆ. ರಾಮಾನುಜನ್ ಕನ್ನಡದಲ್ಲಿಯೇ ಬರೆದ ‘ಅಣ್ಣಯ್ಯನ ಮಾನವಶಾಸ್ತ್ರ’. ಹನಿಗತೆಯಷ್ಟು ಚಿಕ್ಕದಲ್ಲ, ಆದರೆ ಕನ್ನಡದಲ್ಲಿ ಕೊನೆಯ ಆಘಾತದ ಮಾತು ಬಂದರೆ ಇದನ್ನು ಬಿಡುವಂತಿಲ್ಲ. ಶಿಕಾಗೋದಲ್ಲಿ ಓದುತ್ತಿರುವ ಅಣ್ಣಯ್ಯನಿಗೆ ತನ್ನ ಮನೆಯ ಆಚಾರಗಳನ್ನು ಅಮೆರಿಕನ್ನರ ಪುಸ್ತಕಗಳಿಂದ ತಿಳಿಯುವ ಹಂಬಲ. ಗ್ರಂಥಾಲಯದಲ್ಲಿ ಅಂಥ ಪುಸ್ತಕದ ಹಾಳೆ ಮಗುಚುತ್ತಿರುವಾಗ ಅಂತ್ಯಸಂಸ್ಕಾರದ ಫೋಟೊಗಳಲ್ಲಿ ಅವನಿಗೆ ಕಾಣುವುದು ತನ್ನ ತಂದೆಯ ಹೆಣ, ಆಮೇಲೆ ವಿಧವೆಯಾದ ತಾಯಿ. ಆ ಸಾವಿನ ಸುದ್ದಿಯೇ ಅವನಿಗೆ ಬಂದಿರಲಿಲ್ಲ. ಇಲ್ಲಿಯೂ ಕೊನೆ ಮೊದಲ ಪುಟದಿಂದಲೇ ಕಥೆಯೊಳಗೆ ಕುಳಿತಿತ್ತು. ದೂರದಿಂದ ತನ್ನವರನ್ನು ತಿಳಿಯಬಯಸಿದವನಿಗೆ ತಿಳಿವಳಿಕೆ ಸಿಕ್ಕಿತು, ಕೇಳಿದ ದಾರಿಯಲ್ಲೇ ಸಿಕ್ಕಿತು. ಎರಡನೆಯ ಸಲ ಓದುವಾಗ ಅವನು ಪುಸ್ತಕ ತೆರೆಯುವ ಸಂಭ್ರಮದ ಒಂದೊಂದು ಸಾಲೂ ಎದೆ ಹಿಂಡುತ್ತದೆ.

ಚಿಕ್ಕದಕ್ಕೆ ಮಿತಿ ಎಲ್ಲಿ ಎಂದು ಕೇಳಿದರೆ ಗ್ವಾಟೆಮಾಲದ ಅಗಸ್ತೊ ಮೊಂತೆರೊಸೊ ಅವರ ಡೈನೋಸಾರ್ ಕಥೆ ಇದೆ. ಇಡೀ ಕಥೆ ಒಂದೇ ವಾಕ್ಯ. ಯಾರೋ ನಿದ್ದೆಯಿಂದ ಏಳುತ್ತಾರೆ, ಆ ಪ್ರಾಣಿ ಹೋಗಿರುವುದಿಲ್ಲ. ಎದ್ದವರು ಯಾರು, ಕನಸು ಎಲ್ಲಿ ಮುಗಿಯಿತು ಎಂದು ಕೇಳುತ್ತಾ ಹೋದಂತೆ ಕಥೆ ಬೆಳೆಯುತ್ತದೆ. ಲೋಕದ ಇಂಥ ಕಥೆಗಳನ್ನು ಕನ್ನಡಿಗರಿಗೆ ಅಕ್ಕರೆಯಿಂದ ಪರಿಚಯಿಸಿದವರು ಎಸ್. ದಿವಾಕರ್. ಅವರ ‘ಜಗತ್ತಿನ ಅತಿ ಸಣ್ಣ ಕಥೆಗಳು’ ಪುಸ್ತಕವನ್ನು ಕಥೆ ಬರೆಯುವ ಹುಡುಗ ಹುಡುಗಿಯರೆಲ್ಲ ಹತ್ತಿರ ಇಟ್ಟುಕೊಳ್ಳಬೇಕು.

ಹೀಗೆ ಹೇಳಲು ಕಾರಣವಿದೆ. ಇವತ್ತು ಮೊಬೈಲಿನಲ್ಲಿ ದಿನಕ್ಕೆಷ್ಟೋ ಹನಿಗತೆಗಳು ಬರುತ್ತವೆ, ಪತ್ರಿಕೆಗಳಲ್ಲೂ ಬರುತ್ತವೆ. ಬಹಳಷ್ಟು ಕಥೆಗಳ ಕೊನೆಯ ಸಾಲಿನಲ್ಲಿ ಯಾರೋ ಸಾಯುತ್ತಾರೆ, ಇಲ್ಲವೇ ಎಲ್ಲವೂ ಕನಸಾಗಿರುತ್ತದೆ, ಇಲ್ಲವೇ ಇಷ್ಟು ಹೊತ್ತು ಮಾತಾಡಿದ್ದು ದೆವ್ವವಾಗಿರುತ್ತದೆ. ಒಂದು ಸಲ ಮೈ ಜುಮ್ಮೆನ್ನುತ್ತದೆ. ಮತ್ತೆ ಓದಿದರೆ ಏನೂ ಉಳಿದಿರುವುದಿಲ್ಲ, ಯಾಕೆಂದರೆ ಆ ಕೊನೆ ಕಥೆಯೊಳಗೆ ಹುಟ್ಟಿದ್ದಲ್ಲ, ಹೊರಗಿನಿಂದ ಅಂಟಿಸಿದ್ದು. ಅಸ್ಪಷ್ಟತೆಯ ಹೆಸರಿನಲ್ಲಿಯೂ ಇಂಥದೇ ಮೋಸ ನಡೆಯುತ್ತದೆ. ಓದುಗನಿಗೆ ತಿಳಿಯಲೇಬೇಕಾದ ಸಂಗತಿಯನ್ನು ಬಚ್ಚಿಟ್ಟು ಅದನ್ನೇ ಧ್ವನಿ ಎಂದು ಕರೆಯಲಾಗದು. ಹಾಲನ ಆ ಹೆಣ್ಣು ನಾಯಿ, ಸಿಂಹ, ಪೊದೆ, ಹೊಳೆ ಎಲ್ಲವನ್ನೂ ಹೇಳುತ್ತಾಳೆ. ಬಿಡುವುದು ತನ್ನ ಮನಸ್ಸೊಂದನ್ನೇ. ಸಾಮಗ್ರಿಯನ್ನೆಲ್ಲ ಕೈಗಿತ್ತು ತೀರ್ಮಾನವನ್ನು ಮಾತ್ರ ಓದುಗನಿಗೆ ಬಿಟ್ಟಾಗ ಕಥೆ ಧ್ವನಿಸುತ್ತದೆ. ಸಾಮಗ್ರಿಯೇ ಇಲ್ಲದಾಗ ಅದು ಬರೀ ಮಸುಕು.

ಓದುಗರಿಗೂ ಒಂದು ಮಾತು. ಕಿರುಗತೆ ಓದಿ ಮುಗಿಸಿದ ಕೂಡಲೇ ಇದರ ಅರ್ಥವೇನು ಎಂದು ಬರೆದವರನ್ನು ಕೇಳಬೇಡಿ. ಮೊದಲ ಸಾಲಿಗೆ ಹಿಂದಿರುಗಿ ನಿಧಾನವಾಗಿ, ಸಾಧ್ಯವಾದರೆ ಗಟ್ಟಿಯಾಗಿ ಓದಿ. ಕೊನೆಯ ಬೆಳಕಿನಲ್ಲಿ ಆರಂಭ ಬದಲಾಯಿತೇ ನೋಡಿ. ನಿಮಗೆ ಹೊಳೆದ ಅರ್ಥಕ್ಕೆ ಕಥೆಯಲ್ಲಿ ಆಧಾರವಾಗುವ ಮಾತು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಆಮೇಲೆ ಮನೆಯಲ್ಲಿ ಇನ್ನೊಬ್ಬರಿಗೆ ಓದಿ ಹೇಳಿ, ಅವರಿಗೆ ಬೇರೆ ಅರ್ಥ ಹೊಳೆದರೆ ಅದಕ್ಕೂ ಆಧಾರ ಕೇಳಿ. ಎರಡಕ್ಕೂ ಆಧಾರ ಸಿಕ್ಕಿದರೆ ಆ ಕಥೆ ದೊಡ್ಡದು. ಪುಟ್ಟ ಕಥೆ ಓದಲು ಎರಡು ನಿಮಿಷ ಸಾಕು. ಅದರ ಜೊತೆ ಒಂದು ಸಂಜೆ ಕಳೆಯುವುದನ್ನು ನಾವು ಕಲಿಯಬೇಕು, ನಮ್ಮ ಮಕ್ಕಳಿಗೂ ಕಲಿಸಬೇಕು.